ಸಣ್ಣ ರೈಫಲಿಗೆ ದುರ್ಬೀನು: ಹಣ ಕೊಡುವ ಮುನ್ನ

ಕಳೆದ ದೀಪಾವಳಿಯ ಸಮಯದಲ್ಲಿ ನಮ್ಮ ವಾಚನಾಲಯದ ಸದಸ್ಯರೊಬ್ಬರು ನಮ್ಮನ್ನು ಒಂದು ಸಲಹೆ ಕೇಳಿದರು. ಅವರ ಮಗ ಕಾಲೇಜಿನ ಎನ್.ಸಿ.ಸಿ.ಯಲ್ಲಿ ಗುರಿ ಹೊಡೆಯುವುದನ್ನು ಕಲಿತು, ರೈಫಲ್ ಕ್ಲಬ್ಬಿಗೆ ಸೇರಿ 50 ಮೀಟರ್ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದ. ಬೋನಸ್ಸಿನ ಹಣದಲ್ಲಿ ಅವನಿಗೊಂದು ದುರ್ಬೀನು ಕೊಡಿಸಬೇಕೆಂಬುದು ತಂದೆಯ ಆಸೆ. ನಮಗೆ ಆ ವಿಷಯ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಬದಲು, "ದೊಡ್ಡದನ್ನೇ ತೆಗೆದುಕೊಳ್ಳಿ, ದೂರದ್ದೂ ಚೆನ್ನಾಗಿ ಕಾಣುತ್ತದೆ" ಎಂದುಬಿಟ್ಟೆವು. ಅವರು ಬೋನಸ್ಸಿನ ಬಹುಪಾಲನ್ನು ಕೊಟ್ಟು ತಂದರು. ಕ್ಲಬ್ಬಿನ ಶಿಕ್ಷಕರು ನೋಡಿ, ಆ ಪಂದ್ಯದಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲವೆಂದರು. ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಳಿಕ ಕೊಡಗಿನವರಾದ ಇನ್ನೊಬ್ಬ ಸದಸ್ಯರು ಅದನ್ನು ಅರ್ಧ ಬೆಲೆಗೆ ಕೊಂಡು, ರಜೆಗೆ ಊರಿಗೆ ಹೋದಾಗ ಮನೆಯ ಪಾಯಿಂಟ್ 22 ರೈಫಲಿಗೆ ಕೂಡಿಸಲು ನೋಡಿದರು. ಅದರ ಬಳೆಗಳು ರೈಫಲಿನ ಮೇಲೆ ಕೂಡಲಿಲ್ಲ. ಬೇರೆ ಬಳೆ ತರಿಸಿ ಕೂಡಿಸಿದರೆ, 25 ಮೀಟರಿನ ಗುರಿ ಮಸುಕು ಮಸುಕಾಗಿ ಕಂಡಿತು. ಒಂದೇ ವಸ್ತು, ಎರಡು ಮನೆಗಳಿಗೆ ನಷ್ಟ. ಆ ನಷ್ಟದಲ್ಲಿ ನಮ್ಮ ಮಾತಿನ ಪಾಲೂ ಇದೆ. ಆದುದರಿಂದ ತಿಳಿದವರನ್ನು ಕೇಳಿ, ಓದಿ, ಕಲಿತದ್ದನ್ನು ಇಲ್ಲಿ ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

1. ದುರ್ಬೀನು ಯಾರಿಗೆ ಬೇಕು?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಲಿಂಪಿಕ್ಸ್ ನಿಯಮದ 50 ಮೀಟರ್ ರೈಫಲ್ ಪಂದ್ಯದಲ್ಲಿ ರೈಫಲಿನ ಮೇಲೆ ದುರ್ಬೀನು ಇರಕೂಡದು. ಕಣ್ಣಿನ ಬಳಿ ಸಣ್ಣ ರಂಧ್ರದ ಬಿಲ್ಲೆ, ನಳಿಗೆಯ ತುದಿಯಲ್ಲಿ ಒಂದು ಉಂಗುರ, ಇವುಗಳ ಮೂಲಕವೇ ಗುರಿ ಹಿಡಿಯಬೇಕು. ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ಮೂರು ಭಂಗಿಗಳ ಪಂದ್ಯದಲ್ಲಿ ಕಂಚಿನ ಪದಕ ಗೆದ್ದದ್ದು ಹೀಗೆ ದುರ್ಬೀನಿಲ್ಲದ ರೈಫಲಿನಿಂದಲೇ. ಅವರು ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿ ನೌಕರಿಗೆ ಸೇರಿದವರು, ನಮ್ಮಂತೆ ಸಂಬಳದ ಮನುಷ್ಯ. ಆದ್ದರಿಂದ ಮಕ್ಕಳು ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದರೆ ಶಿಕ್ಷಕರನ್ನು ಕೇಳದೆ ಏನನ್ನೂ ಕೊಳ್ಳಬಾರದು. ಆ ಹಣ ತೋಟೆಗಳಿಗೂ ಅಭ್ಯಾಸದ ಶುಲ್ಕಕ್ಕೂ ಸಲ್ಲಲಿ.

ದುರ್ಬೀನು ಉಪಯೋಗವಾಗುವುದು ಮನೆಯಲ್ಲಿ ಕಾನೂನು ಪ್ರಕಾರ ಇಟ್ಟುಕೊಂಡ ರೈಫಲಿನಿಂದ ಗುರಿ ಅಭ್ಯಾಸ ಮಾಡುವವರಿಗೆ. ಅದರಲ್ಲೂ ನಲವತ್ತು ದಾಟಿದವರಿಗೆ. ಆ ವಯಸ್ಸಿನಲ್ಲಿ ಹತ್ತಿರದ ಕಬ್ಬಿಣದ ಗುರಿಯೂ ದೂರದ ಕಾಗದವೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಕಷ್ಟ. ದುರ್ಬೀನಿನಲ್ಲಿ ಅಡ್ಡಗೆರೆಯೂ ಗುರಿಯೂ ಒಂದೇ ದೂರದಲ್ಲಿರುವಂತೆ ಕಾಣುತ್ತವೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುವವರು, ದುರ್ಬೀನಿಗೆ ಅವಕಾಶವಿದೆಯೇ ಎಂದು ನಡೆಸುವವರನ್ನು ಮೊದಲೇ ಕೇಳಿಕೊಳ್ಳತಕ್ಕದ್ದು.

2. ಮೇಲೆ ಬರೆದ ಅಂಕಿಗಳ ಅರ್ಥ

ದುರ್ಬೀನಿನ ಮೇಲೆ 4x32 ಎಂದಿದ್ದರೆ, ಅದು ವಸ್ತುವನ್ನು ನಾಲ್ಕು ಪಟ್ಟು ಹತ್ತಿರ ತೋರಿಸುತ್ತದೆ. ಮುಂದಿನ ಗಾಜಿನ ಅಗಲ 32 ಮಿಲಿಮೀಟರ್. 3-9x40 ಎಂದಿದ್ದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಾಯಿಸಬಹುದು. ಗಾಜು 40 ಮಿಲಿಮೀಟರ್. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ, ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 4x32ರಲ್ಲಿ ಅದು 8 ಮಿಲಿಮೀಟರ್. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ತೆರೆದುಕೊಳ್ಳುವುದು ಎರಡು ಮೂರು ಮಿಲಿಮೀಟರ್. ಹೀಗಿರುವಾಗ ಹಗಲಿನ ಅಭ್ಯಾಸಕ್ಕೆ 50 ಮಿಲಿಮೀಟರಿನ ಗಾಜಿಗೆ ಹಣ ಸುರಿಯುವುದು ವ್ಯರ್ಥ.

ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. 25ರಿಂದ 50 ಮೀಟರಿನವರೆಗೆ ಹೊಡೆಯುವವರಿಗೆ ನಾಲ್ಕು ಪಟ್ಟು ಸಾಕು. ಒಂದೇ ಪಟ್ಟಿನ ದುರ್ಬೀನಿನಲ್ಲಿ ತಿರುಗುವ ಭಾಗಗಳು ಕಡಿಮೆ. ಆದುದರಿಂದ ಅದೇ ಬೆಲೆಯ ಬದಲಾಗುವ ಪಟ್ಟಿನದಕ್ಕಿಂತ ಅದರ ಗಾಜು ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

3. ಯಾವ ದೂರಕ್ಕೆ ಹೊಂದಿಸಿದ್ದು?

ಕೊಡಗಿನ ಸದಸ್ಯರು ಮೋಸಹೋದದ್ದು ಇಲ್ಲಿ. ಗಿರಣಿಯ ತಕ್ಕಡಿಯ ಮುಳ್ಳನ್ನು ಎದುರಿನಿಂದ ನೋಡಿದರೆ ಒಂದು ತೂಕ, ಓರೆಯಿಂದ ನೋಡಿದರೆ ಇನ್ನೊಂದು ತೂಕ ಕಾಣುತ್ತದೆಯಷ್ಟೆ? ದುರ್ಬೀನಿನಲ್ಲಿಯೂ ಹಾಗೆಯೇ. ಕಣ್ಣು ನಡುವಿನಿಂದ ಸ್ವಲ್ಪ ಸರಿದರೆ ಅಡ್ಡಗೆರೆ ಗುರಿಯ ಮೇಲೆ ಸರಿದಂತೆ ಕಾಣುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಯಾವುದಾದರೊಂದು ದೂರದಲ್ಲಿ ಈ ದೋಷ ಇಲ್ಲದಂತೆ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ದೊಡ್ಡ ರೈಫಲಿನ ದುರ್ಬೀನುಗಳಿಗೆ ಆ ದೂರ ಸಾಮಾನ್ಯವಾಗಿ 100 ಗಜ ಅಥವಾ ಹೆಚ್ಚು. ಪಾಯಿಂಟ್ 22 ರೈಫಲಿಗೆಂದೇ ಮಾಡಿದವುಗಳಿಗೆ ಸುಮಾರು 50 ಗಜ. ನೂರು ಗಜಕ್ಕೆ ಹೊಂದಿಸಿದ್ದನ್ನು 25 ಮೀಟರಿನಲ್ಲಿ ಬಳಸಿದರೆ, ಕಣ್ಣು ಅಂಚಿಗೆ ಸರಿದಾಗ ಗುಂಡು ಒಂದು ಸೆಂಟಿಮೀಟರಿಗಿಂತಲೂ ಹೆಚ್ಚು ತಪ್ಪಬಹುದು. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು "ಎಷ್ಟು ಪಟ್ಟು" ಎಂದಲ್ಲ, "ಎಷ್ಟು ದೂರಕ್ಕೆ ಹೊಂದಿಸಿದೆ" ಎಂದು. ಮುಂದಿನ ಗಾಜನ್ನು ತಿರುಗಿಸಿ ದೂರ ಬದಲಾಯಿಸುವ ಬಗೆಯೂ ಇದೆ; ಕೈಗೆಟುಕಿದರೆ ಅದು ಒಳ್ಳೆಯದು.

4. ಬಳೆಗಳು

ದುರ್ಬೀನನ್ನು ರೈಫಲಿಗೆ ಹಿಡಿದಿಡುವ ಬಳೆಗಳನ್ನು ಬಹಳ ಜನ ಮರೆಯುತ್ತಾರೆ. ಅನೇಕ ಪಾಯಿಂಟ್ 22 ರೈಫಲುಗಳ ಬೆನ್ನಿನ ಮೇಲೆ ಸುಮಾರು 11 ಮಿಲಿಮೀಟರ್ ಅಗಲದ ಗಾಡಿಗಳನ್ನು ಕೊರೆದಿರುತ್ತಾರೆ. ದೊಡ್ಡ ರೈಫಲಿನ ಪಟ್ಟಿ ಸುಮಾರು 21 ಮಿಲಿಮೀಟರ್. ಒಂದರ ಬಳೆ ಇನ್ನೊಂದಕ್ಕೆ ಕೂಡದು. ದುರ್ಬೀನಿನ ಕೊಳವೆಯೂ ಒಂದು ಅಂಗುಲದ್ದೇ, ಮುಕ್ಕಾಲು ಅಂಗುಲದ್ದೇ ಎಂದು ನೋಡಬೇಕು. ಮನೆಯಿಂದ ಹೊರಡುವ ಮುನ್ನ ರೈಫಲಿನ ಗಾಡಿಯನ್ನು ಅಳೆದು ಚೀಟಿಯಲ್ಲಿ ಬರೆದುಕೊಳ್ಳಿರಿ. ಬಳೆ ಸಡಿಲವಾದರೆ ಎಷ್ಟು ಒಳ್ಳೆಯ ಗಾಜಿದ್ದರೂ ಗುಂಡು ಒಂದೆಡೆ ಬೀಳದು.

5. ಅಂಗಡಿಯಲ್ಲಿ ಪರೀಕ್ಷೆ

ಇದಕ್ಕೆ ರೈಫಲ್ ಬೇಕಿಲ್ಲ. ರಟ್ಟಿನ ಡಬ್ಬಿಯ ಎರಡು ಅಂಚುಗಳಲ್ಲಿ ಕಚ್ಚು ಕೊಯ್ದು, ದುರ್ಬೀನನ್ನು ಅದರ ಮೇಲೆ ಅಲ್ಲಾಡದಂತೆ ಮಲಗಿಸಿ. ಸುಮಾರು ಐವತ್ತು ಹೆಜ್ಜೆ ದೂರದ ನಾಮಫಲಕದ ಒಂದು ಅಕ್ಷರಕ್ಕೆ ಅಡ್ಡಗೆರೆ ಕೂಡಿಸಿ. ಡಬ್ಬಿಯನ್ನು ಮುಟ್ಟದೆ ತಲೆಯನ್ನು ಮಾತ್ರ ಆಚೀಚೆ ಆಡಿಸಿ. ಗೆರೆ ಅಕ್ಷರದಿಂದ ಸರಿಯಬಾರದು. ಅನಂತರ ಹೊಂದಿಸುವ ತಿರುಪನ್ನು ಮೇಲಕ್ಕೆ ಇಪ್ಪತ್ತು ಮೆಟ್ಟಿಲು, ಬಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು ತಿರುಗಿಸಿ. ಗೆರೆ ಹೊರಟ ಅಕ್ಷರಕ್ಕೇ ಮರಳಬೇಕು. ಮರಳದಿದ್ದರೆ ಆ ದುರ್ಬೀನು ಬೇಡ. ಕೊನೆಗೆ, ಕಣ್ಣನ್ನು ಗಾಜಿನಿಂದ ಸುಮಾರು ಮೂರು ಅಂಗುಲ ದೂರವಿಟ್ಟಾಗ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣುವುದೇ ನೋಡಿ. ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಿಸಿ ನೋಡಬಾರದು, ಕಣ್ಣು ಹೋದೀತು.

6. ಹೊಂದಿಸುವ ಲೆಕ್ಕ

ಹೆಚ್ಚಿನ ದುರ್ಬೀನುಗಳಲ್ಲಿ ಒಂದು ಮೆಟ್ಟಿಲು ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಭಾಗದ ಕಾಲುಪಾಲು. ಇದು 25 ಮೀಟರಿನಲ್ಲಿ ಸುಮಾರು 1.8 ಮಿಲಿಮೀಟರ್, 50 ಮೀಟರಿನಲ್ಲಿ ಸುಮಾರು 3.6 ಮಿಲಿಮೀಟರ್ ಆಗುತ್ತದೆ. ಮೊದಲು 25 ಮೀಟರಿನಲ್ಲಿ ಐದು ಗುಂಡು ಹೊಡೆದು, ಐದರ ನಡುವಿನ ಬಿಂದುವನ್ನು ಗುರುತಿಸಿ. ಒಂದು ಗುಂಡನ್ನು ನಂಬಿ ತಿರುಪು ತಿರುಗಿಸಬೇಡಿ. ಆ ಬಿಂದು 36 ಮಿಲಿಮೀಟರ್ ಕೆಳಗಿದ್ದರೆ, 36ನ್ನು 1.8ರಿಂದ ಭಾಗಿಸಿ ಇಪ್ಪತ್ತು ಮೆಟ್ಟಿಲು ಮೇಲಕ್ಕೆ. ಬಳಿಕ 50 ಮೀಟರಿನಲ್ಲಿ ಇದೇ ಕ್ರಮ. ತೋಟೆಯ ಕಂಪನಿ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆದ್ದರಿಂದ ಒಂದೇ ಬಗೆಯ ತೋಟೆ ಬಳಸಿ, ದುರ್ಬೀನಿಗೆ ಮೀಸಲಿಟ್ಟ ಹಣದಲ್ಲಿ ಅದಕ್ಕೂ ಪಾಲು ತೆಗೆದಿಡಿ.

ಪಾಯಿಂಟ್ 22ರ ಗುಂಡು ನಿಧಾನದ್ದು. ಸಾಧಾರಣ ತೋಟೆಯಲ್ಲಿ ಸೆಕೆಂಡಿಗೆ ಸುಮಾರು 330 ಮೀಟರ್. 50 ಮೀಟರಿಗೆ ಹೊಂದಿಸಿದ ರೈಫಲಿನಿಂದ 100 ಮೀಟರಿಗೆ ಹೊಡೆದರೆ ಗುಂಡು ಏಳೆಂಟು ಅಂಗುಲ, ಅಂದರೆ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಬೀಳುತ್ತದೆ. ಹಾಗೆಂದು ಅದನ್ನು ಆಟಿಕೆ ಎಂದುಕೊಳ್ಳಬಾರದು. ಗುರಿ ತಪ್ಪಿದ ಗುಂಡು ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ದೂರದಲ್ಲಿ ಬರುತ್ತಿರುವವರು ಯಾರೆಂದು ರೈಫಲಿನ ದುರ್ಬೀನಿನಿಂದ ನೋಡಬಾರದು. ಹಾಗೆ ನೋಡಿದರೆ ನಳಿಗೆಯೂ ಅವರ ಕಡೆಗೇ ತಿರುಗಿರುತ್ತದೆ.

7. ಕಾನೂನು

1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪಾಯಿಂಟ್ 22 ರೈಫಲಿಗೂ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದಕ್ಕೆ ಷರತ್ತುಗಳಿವೆ. ಊರಿನ ಕೋವಿಯನ್ನು ನಾವಿರುವ ಪಟ್ಟಣಕ್ಕೆ ತರುವ ಯೋಚನೆ ಯಾರಿಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಕಾಡುಪ್ರಾಣಿಗಳ ಬೇಟೆ ಅಪರಾಧ. ದುರ್ಬೀನನ್ನು ಪರವಾನಗಿ ಪಡೆದ ಬಂದೂಕಿನ ಅಂಗಡಿಯಿಂದಲೇ ಕೊಂಡು, ಬಿಲ್ಲನ್ನು ಜೋಪಾನವಾಗಿಡಿ. ಹಣ ಕೊಡುವ ಮುನ್ನವೇ, ರೈಫಲಿಗೆ ಕೂಡದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಬೋನಸ್ಸು ಕಳೆದುಕೊಂಡ ಆ ಸದಸ್ಯರು ನಮಗೆ ಒಂದು ಬಿರುಸಿನ ಮಾತೂ ಆಡಲಿಲ್ಲ. ಹಿಂದಿನಂತೆಯೇ ಸಂಜೆ ಬಂದು ಪತ್ರಿಕೆ ಓದಿ ಹೋಗುತ್ತಾರೆ. ಅವರ ಮಗ ಕ್ಲಬ್ಬಿನ ರೈಫಲಿನಲ್ಲಿ, ರಂಧ್ರದ ಬಿಲ್ಲೆಯಿಂದಲೇ ಅಭ್ಯಾಸ ಮುಂದುವರಿಸಿದ್ದಾನೆ. ಇನ್ನು ಮುಂದೆ ಯಾರಾದರೂ ನಮ್ಮನ್ನು ಸಲಹೆ ಕೇಳಿದಾಗ, ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ತಿಳಿದವರ ಬಳಿಗೆ ಜೊತೆಯಲ್ಲಿ ಹೋಗುವುದೆಂದು ನಿಶ್ಚಯಿಸಿದ್ದೇವೆ.