ಫರಸಿಯ ಸಂದುಗಳ ಸ್ವಚ್ಛತೆ: ಮನೆಯ ನೆಲದಿಂದ ಒಂದು ವಿಜ್ಞಾನ ಪಾಠ

ವಿಷಯ: ಸಾಮಾನ್ಯ ವಿಜ್ಞಾನ. ಇಯತ್ತೆ: ಏಳನೆಯ. ಅವಧಿ: ಎರಡು ತಾಸಿಕೆಗಳು.

ಉದ್ದೇಶಗಳು
೧. ಗಡಸು ನೀರು, ಆಮ್ಲ, ಪ್ರತ್ಯಾಮ್ಲ ಎಂಬ ಪರಿಕಲ್ಪನೆಗಳನ್ನು ಮನೆಯ ನೆಲದ ಆಧಾರದಿಂದ ತಿಳಿಯುವುದು.
೨. ಫರಸಿಯ ಸಂದುಗಳನ್ನು ಕಡಿಮೆ ನೀರಿನಲ್ಲಿ ಶುಚಿಗೊಳಿಸುವ ವಿಧಾನವನ್ನು ಅರಿಯುವುದು.
೩. ಯಾವ ದ್ರವಗಳನ್ನು ಬೆರೆಸಬಾರದೆಂಬುದನ್ನು ಕಾರಣಸಹಿತ ಹೇಳಬಲ್ಲವರಾಗುವುದು.

ಪೀಠಿಕೆ
ಸಾಂಗಲಿ ಜಿಲ್ಲೆಯ ಪೂರ್ವಭಾಗದಲ್ಲಿರುವ ಜತ್ತ ತಾಲೂಕು ಮಳೆಯ ಕೊರತೆಯ ಪ್ರದೇಶ. ಉಮದಿ, ಸಂಖ ಮೊದಲಾದ ಊರುಗಳ ಕನ್ನಡ ಶಾಲೆಗಳಿಗೆ ಬರುವ ಅನೇಕ ಮಕ್ಕಳ ಮನೆಗಳಲ್ಲಿ ಬಳಕೆಗೆ ಬಾವಿ ಅಥವಾ ಬೋರಿನ ನೀರೇ ಗತಿ. ನೆಲದಾಳದ ಇಂಥ ನೀರಿನಲ್ಲಿ ಕ್ಯಾಲ್ಸಿಯಮ್ ಮತ್ತು ಮ್ಯಾಗ್ನೇಶಿಯಮ್ ಲವಣಗಳು ಕರಗಿದ್ದರೆ ಅದು ಗಡಸು ನೀರು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮ್ ಮೀರಬಾರದು. ಬೇರೆ ನೀರು ದೊರೆಯದಲ್ಲಿ 600ರವರೆಗೆ ಸಹಿಸಬಹುದು. ಈ ನೀರು ನೆಲದ ಮೇಲೆ ಆರಿದಾಗ ಲವಣಗಳು ಬಿಳಿ ಪದರಾಗಿ ಉಳಿಯುತ್ತವೆ.

ಫರಸಿ ನುಣುಪಾಗಿದ್ದರೂ ಅದರ ಸಂದುಗಳಲ್ಲಿ ತುಂಬಿದ ಸಿಮೆಂಟು ಸೂಕ್ಷ್ಮ ರಂಧ್ರಗಳಿಂದ ಕೂಡಿರುತ್ತದೆ. ಲವಣ, ಜಿಡ್ಡು, ಸಾಬೂನಿನ ಕೊಳೆ ಆ ರಂಧ್ರಗಳಲ್ಲಿ ಸೇರುತ್ತವೆ. ತೇವ ಆರದಿದ್ದರೆ ಬೂಷ್ಟು ಬೆಳೆದು ಸಂದು ಕಪ್ಪಾಗುತ್ತದೆ.

ಭಾಷಾ ಸೂಚನೆ
ಮಕ್ಕಳು ಮನೆಯಲ್ಲಿ ‘ಫರಸಿ’ ಎಂದೂ, ಪೇಟೆಯಲ್ಲಿ ಮರಾಠಿಯ ‘ಲಾದಿ’ ಎಂದೂ, ಅಂಗಡಿಯಲ್ಲಿ ‘ಟೈಲ್ಸ್’ ಎಂದೂ ಕೇಳಿರುತ್ತಾರೆ. ಮೂರನ್ನೂ ಫಲಕದ ಮೇಲೆ ಬರೆಯಬೇಕು. ಕನ್ನಡದ ‘ಸಂದು’, ಮರಾಠಿಯ ‘ಸಾಂಧಾ’, ವ್ಯಾಕರಣದ ‘ಸಂಧಿ’ ಇವುಗಳ ನಂಟನ್ನು ಮಕ್ಕಳೇ ಕಂಡುಹಿಡಿಯಲಿ.

ಪ್ರಯೋಗ ೧: ನೀರಿನ ಪರೀಕ್ಷೆ
ಒಂದು ಸ್ಟೀಲಿನ ತಟ್ಟೆಯಲ್ಲಿ ಬೋರಿನ ನೀರನ್ನೂ ಇನ್ನೊಂದರಲ್ಲಿ ಸಂಗ್ರಹಿಸಿದ ಮಳೆನೀರನ್ನೂ ಸಮವಾಗಿ ಹಾಕಿ ಬಿಸಿಲಿನಲ್ಲಿ ಆರಲು ಬಿಡಬೇಕು. ಮರುದಿನ ಯಾವ ತಟ್ಟೆಯಲ್ಲಿ ಹೆಚ್ಚು ಬಿಳಿ ಕಲೆ ಉಳಿದಿದೆಯೆಂದು ಮಕ್ಕಳು ಬರೆಯಬೇಕು.

ಪ್ರಯೋಗ ೨: ಹುಳಿಯ ಪರೀಕ್ಷೆ
ಶಹಾಬಾದ್ ಫರಸಿಯ ತುಂಡು, ಗಟ್ಟಿಯಾದ ಹಳೆಯ ಸಿಮೆಂಟಿನ ತುಂಡು, ಹೊಳಪು ಟೈಲ್ಸಿನ ತುಂಡು ಇವನ್ನು ಮೇಜಿನ ಮೇಲಿಡಬೇಕು. ಮೊದಲಿನ ಎರಡನ್ನು ಮೊಳೆಯಿಂದ ತುಸು ಕೆರೆದು, ಮೂರರ ಮೇಲೂ ಲಿಂಬೆರಸದ ಹನಿ ಬಿಡಬೇಕು. ಕೆರೆದ ಪುಡಿಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಹೊಳಪು ಟೈಲ್ಸಿನ ಮೇಲೆ ಏಳುವುದಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತ ಈ ಕಲ್ಲು ಸುಣ್ಣಕಲ್ಲು. ಹುಳಿಯು ಅದರ ಕ್ಯಾಲ್ಸಿಯಮ್ ಕಾರ್ಬೋನೇಟನ್ನು ಕರಗಿಸಿ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಆಸಿಡ್ ಸುರಿದ ನೆಲ ಕ್ಷಣಕಾಲ ಬೆಳ್ಳಗೆ ಕಂಡರೂ ಕಲ್ಲೂ ಸಂದೂ ಸವೆಯುತ್ತವೆ. ಸವೆದ ಸಂದಿನಲ್ಲಿ ಕೊಳೆ ಮೊದಲಿಗಿಂತ ಬೇಗ ಕೂಡುತ್ತದೆ. ಮಕ್ಕಳು ಈ ನಿರ್ಣಯಕ್ಕೆ ತಾವೇ ಬರುವಂತೆ ಪ್ರಶ್ನೆ ಕೇಳಬೇಕು.

ಶುಚಿಗೊಳಿಸುವ ವಿಧಾನ
ಮೊದಲು ಒಣ ಕಸ ಗುಡಿಸಬೇಕು. ತಿನ್ನುವ ಸೋಡಾ ಮೂರು ಭಾಗ, ನೀರು ಒಂದು ಭಾಗ ಕಲಸಿ ಸಂದಿಗೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಸಂದಿನ ಉದ್ದಕ್ಕೆ ತಿಕ್ಕಬೇಕು. ತಂತಿಯ ಬ್ರಶ್ ಸಿಮೆಂಟನ್ನು ಕೀಳುತ್ತದೆ. ಬಳಿಕ ಕೊಡಗಟ್ಟಲೆ ನೀರು ಸುರಿಯದೆ, ಒದ್ದೆ ಅರಿವೆಯಿಂದ ಎರಡು ಸಲ ಒರೆಸಿ, ಒಣ ಅರಿವೆಯಿಂದ ಆರಿಸಬೇಕು. ಸೋಡಾ ಜಿಡ್ಡನ್ನು ತೆಗೆಯುತ್ತದೆ, ಸುಣ್ಣದ ಪದರನ್ನು ಕರಗಿಸುವುದಿಲ್ಲ. ಆ ಪದರು ಕೂಡದಂತೆ ದಿನವೂ ನೀರು ಒರೆಸುವುದೇ ಉತ್ತಮ. ಸಿಮೆಂಟು ಉದುರಿದಲ್ಲಿ ಹಿರಿಯರು ಕೈಗವಸು ತೊಟ್ಟು ಬಿಳಿ ಸಿಮೆಂಟು ತುಂಬಿ, ಎರಡು ದಿನ ತೇವವಾಗಿಡಬೇಕು.

ಎಚ್ಚರಿಕೆ: ತಪ್ಪದೆ ಹೇಳಬೇಕಾದ ಮಾತು
ಸಂಡಾಸು ತೊಳೆಯುವ ಅನೇಕ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅದು ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ‘ಎರಡೂ ಹಾಕಿದರೆ ಹೆಚ್ಚು ಬೆಳ್ಳಗಾಗುತ್ತದೆ’ ಎಂಬುದು ಅಪಾಯಕಾರಿ ತಪ್ಪು ತಿಳುವಳಿಕೆ. ಕಣ್ಣುರಿ, ಕೆಮ್ಮು ತೋರಿದ ಕೂಡಲೆ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಬಯಲಿಗೆ ಬಂದು, ಆಸ್ಪತ್ರೆಗೆ ಹೋಗಬೇಕು. ಈ ಬೆರಕೆಯನ್ನು ವರ್ಗದಲ್ಲಿ ಎಂದಿಗೂ ಮಾಡಿ ತೋರಿಸಬಾರದು.

ಬಾಟಲಿಯ ಮೇಲಿನ ಸೂಚನೆ ಹೆಚ್ಚಾಗಿ ಇಂಗ್ಲಿಷ್, ಹಿಂದಿ ಅಥವಾ ಮರಾಠಿಯಲ್ಲಿರುತ್ತದೆ. ಕನ್ನಡವಷ್ಟೇ ಬಲ್ಲ ತಾಯಿ, ಅಜ್ಜಿಯರಿಗೆ ಅದು ತಲುಪದು. ಅದನ್ನು ಓದಿ ಮನೆಮಾತಿನಲ್ಲಿ ಹೇಳುವ ಹೊಣೆ ಶಾಲೆಗೆ ಹೋಗುವ ಮಗುವಿನ ಮೇಲೆ ಬೀಳುತ್ತದೆ. ಆದುದರಿಂದ ಈ ಪಾಠದಲ್ಲಿ ಓದುವ ಕೌಶಲ್ಯವೂ ವಿಜ್ಞಾನದಷ್ಟೇ ಮುಖ್ಯವಾದುದು.

ಸ್ವಾಧ್ಯಾಯ
೧. ಶಹಾಬಾದ್ ಫರಸಿಗೆ ಆಸಿಡ್ ಏಕೆ ಹಾಕಬಾರದು?
೨. ತಂತಿಯ ಬ್ರಶ್ಶಿನಿಂದ ತಿಕ್ಕಿದ ಸಂದು ಮತ್ತೆ ಬೇಗ ಕೊಳೆಯಾಗಲು ಕಾರಣವೇನು?
೩. ಮನೆಯಲ್ಲಿರುವ ಒಂದು ಬಾಟಲಿಯ ಸೂಚನೆಯನ್ನು ಹಿರಿಯರ ಎದುರಿನಲ್ಲಿ ಓದಿ, ಐದು ಸರಳ ಕನ್ನಡ ವಾಕ್ಯಗಳಲ್ಲಿ ಬರೆದು ತನ್ನಿರಿ. ಬಾಟಲಿಯ ಮುಚ್ಚಳ ತೆರೆಯಬೇಡಿರಿ.

ಮೌಲ್ಯಮಾಪನ
ಮೂರನೆಯ ಪ್ರಶ್ನೆಯ ಉತ್ತರಗಳನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿಸಬೇಕು. ಕಾಗುಣಿತದ ತಪ್ಪುಗಳನ್ನು ಅನಂತರ ತಿದ್ದಬಹುದು. ‘ಬೆರೆಸಬಾರದು’ ಎಂಬ ಮಾತು ಬಿಟ್ಟುಹೋಗಿದ್ದರೆ ಮಾತ್ರ ಆಗಲೇ ತಿದ್ದಿಸಿ ಮನೆಗೆ ಕಳುಹಿಸಬೇಕು.