ನೆತ್ತಿಯ ಹೊಟ್ಟು: ಕಾರಣ ಮತ್ತು ಆರೈಕೆ

(ದ್ವಿತೀಯ ಬಿ. ಎ. ವಿದ್ಯಾರ್ಥಿನಿ)

ತಲೆಯೊಳಗಿನ ವಿದ್ಯೆಯ ಬಗೆಗೆ ಬರೆಯಬೇಕಾದ ಈ ವಾರ್ಷಿಕ ಸಂಚಿಕೆಯಲ್ಲಿ ಇವಳು ತಲೆಯ ಮೇಲಿನ ಹೊಟ್ಟಿನ ಬಗೆಗೆ ಬರೆದಿರುವಳಲ್ಲಾ ಎಂದು ಮಿತ್ರರು ನಕ್ಕರೆ ನಗಲಿ. ಈ ಹೊಟ್ಟಿನ ದೆಸೆಯಿಂದ ನಾನು ಮೊದಲನೆಯ ವರ್ಷವೆಲ್ಲ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತೆ. ನನ್ನ ಹಿಂದೆ ಯಾರೂ ಕೂಡ್ರಬಾರದು, ನನ್ನ ಹೆಗಲನ್ನು ಯಾರೂ ನೋಡಬಾರದು; ಅದಕ್ಕೆ ಬೇರೆ ಕಾರಣವಿರಲಿಲ್ಲ. ಅಧ್ಯಾಪಕರ ಮಾತು ಅಲ್ಲಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಫ್ಯಾನಿನ ಸದ್ದಿನಲ್ಲಿ ಹೋಗುತ್ತಿತ್ತು. ಆ ವರ್ಷ ನನಗೆ ಬಂದ ಅಂಕಗಳೂ ಹಾಗೆಯೇ ಅರ್ಧಮರ್ಧವಾಗಿದ್ದವು. ಆದ್ದರಿಂದ ನನ್ನ ಪಾಲಿಗೆ ಇದು ನಗೆಯ ವಿಷಯವಲ್ಲ. ನನ್ನಂತೆಯೇ ಇನ್ನೂ ನಾಲ್ಕು ಜನ ಮಾತಾಡದೆ ಹಿಂದಿನ ಬೆಂಚು ಹಿಡಿದಿರಬಹುದೆಂಬ ಎಣಿಕೆಯಿಂದ, ನಾನು ಕಲಿತುದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ನಾನು ದೇವದುರ್ಗ ತಾಲೂಕಿನ ಹಳ್ಳಿಯವಳು. ಓದಿಗಾಗಿ ರಾಯಚೂರಿಗೆ ಬಂದು ಹಾಸ್ಟೆಲ್ ಸೇರಿದ ಮೂರನೆಯ ತಿಂಗಳಿಗೆ ನೆತ್ತಿ ತುರಿಸತೊಡಗಿತು. ಮೊದಲು ಬಿಳಿಯ ಪುಡಿ ಉದುರುತ್ತಿತ್ತು. ಬರಬರುತ್ತ ಹಳದಿ ಬಣ್ಣದ, ಜಿಡ್ಡು ಹಿಡಿದ ಹೊಪ್ಪಳಿಕೆಗಳು ಬೈತಲೆಯ ಗುಂಟ, ಕಿವಿಯ ಹಿಂದೆ, ಹುಬ್ಬಿನೊಳಗೆ ಕಾಣಿಸಿಕೊಂಡವು. ಅವುಗಳ ಕೆಳಗಿನ ಚರ್ಮ ಕೆಂಪಗಾಗಿತ್ತು. ಕೋಣೆಯ ಗೆಳತಿಯೊಬ್ಬಳು ತನ್ನ ಬಾಚಣಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದಳು. ಅವಳನ್ನು ನಾನು ದೂರುವದಿಲ್ಲ. ಇದು ಅಂಟುರೋಗವೆಂದು ಆಗ ನಾನೂ ತಿಳಿದಿದ್ದೆ.

ರಜೆಗೆ ಊರಿಗೆ ಹೋದಾಗ ಅವ್ವ ನನ್ನ ತಲೆ ನೋಡಿ ಮರುಗಿದಳು. "ತಲಿ ಒಣಗಿ ಹೊಟ್ಟೆದ್ದೈತವ್ವಾ, ಎಣ್ಣಿ ಸಾಲವಲ್ದು" ಎಂದು ಎಣ್ಣೆ ಬೆಚ್ಚಗೆ ಮಾಡಿ ಅಂಗೈ ತುಂಬ ನೆತ್ತಿಗೆ ತಟ್ಟಿದಳು. ಹತ್ತಿ ಬಿಡಿಸಿ ಒಡೆದ ಕೈ ಅದು. ಆ ಕೈಗೆ ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ತಿರುಗಿ ಬರುವಾಗ ಒಂದು ಸೀಸೆ ಎಣ್ಣೆಯನ್ನೂ ಕಟ್ಟಿಕೊಟ್ಟಳು. ನಾನು ದಿನಾಲು ಹಚ್ಚಿದೆ, ಹೊಟ್ಟು ಇಮ್ಮಡಿಯಾಯಿತು. ಬಳಿಕ ಒಬ್ಬರ ಮಾತು ಕೇಳಿ ನಿಂಬೆಹಣ್ಣು ತಿಕ್ಕಿಕೊಂಡೆ. ಉರಿಯಿಂದ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಬ್ಬರ ಮಾತು ಕೇಳಿ ಸಣ್ಣ ಹಲ್ಲಿನ ಹಣಿಗೆಯಿಂದ ಕೆರೆದುಕೊಂಡೆ, ರಕ್ತ ಬಂದಿತು. ಔಷಧದ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಟ್ಟ ಮುಲಾಮಿನಿಂದ ಎಂಟು ದಿನ ಆರಾಮವೆನಿಸಿತು. ಬಿಟ್ಟ ಕೂಡಲೆ ಮೊದಲಿಗಿಂತ ಜೋರಾಗಿ ಮರಳಿತು. ಕಡೆಗೆ ಚರ್ಮರೋಗದ ಡಾಕ್ಟರಮ್ಮನವರ ಮುಂದೆ ಹೋಗಿ ಕುಳಿತೆ. ತಲೆ ನೋಡಿ ಅವರು ಕೇಳಿದ ಮೊದಲನೆಯ ಪ್ರಶ್ನೆ, "ಎಣ್ಣೆ ಹಚ್ಚಿ ಎಷ್ಟು ಹೊತ್ತು ಬಿಡುತ್ತೀ?" ಎಂಬುದಾಗಿತ್ತು. ಆ ಪ್ರಶ್ನೆಯೇ ನನ್ನ ಈ ಪಾಠದ ಆರಂಭ.

ಈ ರೋಗಕ್ಕೆ ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಎಂದು ಹೆಸರಿಟ್ಟಿದ್ದಾರೆ. ಜಿಡ್ಡು ಹೆಚ್ಚಾಗಿರುವ ಸ್ಥಳಗಳಲ್ಲಿ ಚರ್ಮವು ಕೆರಳುವದೆಂದು ಅದರ ತಾತ್ಪರ್ಯ. ಸಾಧಾರಣ ತಲೆಹೊಟ್ಟು ಇದರದೇ ಸೌಮ್ಯರೂಪ. ಇದು ಇಂದಿನ ರೋಗವೇನೂ ಅಲ್ಲ. ಸುಶ್ರುತ ಸಂಹಿತೆಯು ಕ್ಷುದ್ರರೋಗಗಳ ಸಾಲಿನಲ್ಲಿ 'ದಾರುಣಕ'ವೆಂಬ ಹೆಸರಿನಿಂದ ನೆತ್ತಿಯ ತುರಿಕೆ ಮತ್ತು ಒರಟುತನವನ್ನು ಹೇಳಿದೆ. 1874 ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೆ ಎಂಬ ವಿಜ್ಞಾನಿಯು ಹೊಟ್ಟಿನ ಸಿಪ್ಪೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವುಗಳಲ್ಲಿ ಒಂದು ಬಗೆಯ ಯೀಸ್ಟನ್ನು ಗುರುತಿಸಿದನು. ಅವನ ಹೆಸರಿನಿಂದಲೇ ಅದಕ್ಕೆ ಮಲಾಸೇಜಿಯ ಎಂಬ ಹೆಸರು ಬಂದಿತು. 1887 ರಲ್ಲಿ ಜರ್ಮನಿಯ ಚರ್ಮವೈದ್ಯ ಪೌಲ್ ಉನ್ನಾ ಈ ರೋಗವನ್ನು ಬೇರೆಯಾಗಿ ವಿಂಗಡಿಸಿ ವರ್ಣಿಸಿದನು.

ಈ ಯೀಸ್ಟಿನ ಸ್ವಭಾವವನ್ನು ತಿಳಿದರೆ ರೋಗದ ಬಹುಭಾಗವನ್ನು ತಿಳಿದಂತೆಯೇ. ನಮ್ಮ ಪ್ರತಿಯೊಂದು ಕೂದಲಿನ ಬುಡದಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಯುಂಟು. ಪ್ರಾಯಕ್ಕೆ ಬಂದಾಗ ಈ ಗ್ರಂಥಿಗಳು ಚುರುಕಾಗುತ್ತವೆ. ವಿದ್ಯಾರ್ಥಿಗಳ ವಯಸ್ಸಿನಲ್ಲಿ ಹೊಟ್ಟು ಹೆಚ್ಚುವದಕ್ಕೆ ಇದೇ ಕಾರಣ. ಮಲಾಸೇಜಿಯವು ತನಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಲಾರದು. ಆದ್ದರಿಂದ ನಮ್ಮ ಜಿಡ್ಡನ್ನು ಒಡೆದು ತಿನ್ನುತ್ತದೆ. ತಿಂದು ಉಳಿದುದನ್ನು ಅಲ್ಲಿಯೇ ಬಿಡುತ್ತದೆ. ಉಳಿದುದರಲ್ಲಿ ಓಲಿಯಿಕ್ ಆಮ್ಲವೆಂಬುದು ಮುಖ್ಯ. ಕೆಲವರ ಚರ್ಮ ಇದನ್ನು ಸಹಿಸುತ್ತದೆ, ಕೆಲವರದು ಕೆರಳುತ್ತದೆ. ಕೆರಳಿದ ಚರ್ಮವು ಆತುರದಿಂದ ಹೊಸ ಪದರುಗಳನ್ನು ಹುಟ್ಟಿಸುತ್ತದೆ. ತಿಂಗಳೊಪ್ಪತ್ತಿನಲ್ಲಿ ಕಣ್ಣಿಗೆ ಕಾಣದಂತೆ ಉದುರಬೇಕಾದ ಪದರುಗಳು ಬಲಿಯದೆ, ಒಂದಕ್ಕೊಂದು ಅಂಟಿಕೊಂಡು, ಗುಂಪುಗುಂಪಾಗಿ ಉದುರುತ್ತವೆ. ಇವೇ ನಮ್ಮ ಹೆಗಲಿನ ಮೇಲೆ ಬೀಳುವ ಹೊಟ್ಟು.

ಇದರಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದು, ಇದು ಹೊಲಸುತನದ ಗುರುತಲ್ಲ. ಎರಡನೆಯದು, ಇದು ಅಂಟುರೋಗವಲ್ಲ. ಈ ಯೀಸ್ಟು ಬಾಚಣಿಗೆ ಬಚ್ಚಿಟ್ಟವರ ತಲೆಯಲ್ಲಿಯೂ ಇದ್ದೇ ಇದೆ. ಮೂರನೆಯದು, ನಾವು ಒಣಗಿದೆಯೆಂದು ತಿಳಿದ ನೆತ್ತಿಯು ಬಹುಮಟ್ಟಿಗೆ ಜಿಡ್ಡಿನ ನೆತ್ತಿಯೇ. ಅದಕ್ಕೆ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಬಿಡುವದೆಂದರೆ ಆ ಯೀಸ್ಟಿಗೆ ಊಟ ಬಡಿಸಿದಂತೆ. ನಮ್ಮ ಸೀಮೆಯ ಶೇಂಗಾ ಎಣ್ಣೆಯಲ್ಲಂತೂ ಓಲಿಯಿಕ್ ಆಮ್ಲದ ಪಾಲೇ ದೊಡ್ಡದು.

ಚಿಕ್ಕ ಮಕ್ಕಳಿಗೂ ಇದು ಬರುತ್ತದೆ. ಮಾನ್ವಿಯಲ್ಲಿರುವ ನನ್ನ ಅಕ್ಕನ ಕೂಸಿಗೆ ಎರಡನೆಯ ತಿಂಗಳಿನಲ್ಲಿ ನೆತ್ತಿಯ ಮೇಲೆ ಹಳದಿ ಹೊಪ್ಪಳಿಕೆ ಕಟ್ಟಿದಾಗ ಮನೆಯವರು ದೃಷ್ಟಿ ತೆಗೆದರು. ಕೂಸುಗಳಲ್ಲಿ ಇದು ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ಹಾಗಲ್ಲ, ಶಮನವಾಗುತ್ತದೆ, ಮತ್ತೆ ಬರುತ್ತದೆ. ಚಳಿಗಾಲ, ನಿದ್ದೆಗೇಡು, ಪರೀಕ್ಷೆಯ ಚಿಂತೆಗಳಲ್ಲಿ ಹೆಚ್ಚುವದುಂಟು. ಬೇರುಸಹಿತ ಕಿತ್ತೆಸೆಯುವೆವೆಂದು ಹೇಳುವ ಜಾಹೀರಾತುಗಳನ್ನು ನಂಬಬಾರದು. ಇದನ್ನು ನಾವು ಗೆಲ್ಲುವದಿಲ್ಲ, ಹದ್ದಿನಲ್ಲಿಡುತ್ತೇವೆ.

ಹದ್ದಿನಲ್ಲಿಡುವ ಬಗೆ ಹೀಗಿದೆ. ಕೀಟೊಕೊನಜೋಲ್ ಎಂಬ ಔಷಧವು ನೂರಕ್ಕೆ 2 ರ ಪ್ರಮಾಣದಲ್ಲಿರುವ ಶಾಂಪುವನ್ನು ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬಳಸುವದು. ಬಳಿಕ ವಾರಕ್ಕೋ ಎರಡು ವಾರಕ್ಕೋ ಒಂದು ಸಲ ಸಾಕು. ಝಿಂಕ್ ಪೈರಿಥಿಯೋನ್, ಸೆಲೆನಿಯಮ್ ಸಲ್ಫೈಡ್ ಇರುವ ಶಾಂಪುಗಳೂ ಉಂಟು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ನಾನು ಮಾಡುತ್ತಿದ್ದ ದೊಡ್ಡ ತಪ್ಪೆಂದರೆ ಹಚ್ಚಿದ ಕೂಡಲೆ ತೊಳೆದುಬಿಡುವದು. ಔಷಧವು ಕೂದಲಿಗಲ್ಲ, ಚರ್ಮಕ್ಕೆ. ಬೈತಲೆ ಬೈತಲೆಯಾಗಿ ಕೂದಲು ಬಿಡಿಸಿ, ನೆತ್ತಿಗೆ ತಾಕುವಂತೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಬೇಕು. ಉಗುರು ತಾಕಿಸದೆ ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಬೇಕು. ನೀರು ಉಗುರುಬೆಚ್ಚಗಿದ್ದರೆ ಸಾಕು. ಸುಡುನೀರು ಕೆರಳಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಒದ್ದೆ ಕೂದಲನ್ನು ಬಿಗಿಯಾಗಿ ಹೆಣೆಯದೆ ಆರಲು ಬಿಡಬೇಕು. ಬಿಡಿ ಹಲ್ಲಿನ ಬಾಚಣಿಗೆಯಿಂದ ಬಾಚಬೇಕು. ಹೊಪ್ಪಳಿಕೆಯನ್ನು ಕಿತ್ತು ತೆಗೆಯಲೇಬಾರದು.

ಇನ್ನು ನೀರಿನ ಮಾತು. ಕೃಷ್ಣೆ ತುಂಗಭದ್ರೆಗಳ ನಡುವೆ ಇದ್ದರೂ ನಮ್ಮಲ್ಲಿ ಅನೇಕರು ತಲೆ ಎರೆದುಕೊಳ್ಳುವದು ಬೋರಿನ ಗಡಸು ನೀರಿನಲ್ಲಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಗಸಿಯಾಗುತ್ತವೆಂದು ಹೈಸ್ಕೂಲಿನಲ್ಲಿ ಓದಿದ್ದೆವಲ್ಲವೆ? ಮೈಸಾಬೂನಿನಿಂದ ತಲೆ ತೊಳೆದಾಗ ಆ ಗಸಿಯೇ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ತಲೆಗೆ ಮೈಸಾಬೂನು ಸಲ್ಲದು. ಸೀಗೆಕಾಯಿ, ಅಂಟುವಾಳಗಳ ನೊರೆ ಸಪೋನಿನ್ ಎಂಬ ದ್ರವ್ಯದ್ದು. ಅದು ಜಿಡ್ಡನ್ನು ತೆಗೆಯಬಲ್ಲದು. ಆದರೆ ತರಿತರಿಯಾದ ಪುಡಿಯನ್ನು ಒತ್ತಿ ತಿಕ್ಕಿದರೆ ನೆತ್ತಿ ಗೀರುತ್ತದೆ; ನಯವಾಗಿ ಸೋಸಿದ ನೀರನ್ನು ಬಳಸುವದು ಲೇಸು. ರೋಗ ಹೆಚ್ಚಿದ್ದಾಗ ಅದೊಂದನ್ನೇ ನಂಬಿ ಕೂಡ್ರುವದೂ ಸರಿಯಲ್ಲ.

ಎರಡು ಎಚ್ಚರಿಕೆಯ ಮಾತುಗಳು. ನಾನು ಅಂಗಡಿಯಿಂದ ತಂದ ಮುಲಾಮಿನಲ್ಲಿ ಸ್ಟಿರಾಯ್ಡ್ ಇತ್ತೆಂದು ಬಳಿಕ ತಿಳಿಯಿತು. ವೈದ್ಯರು ಅದನ್ನು ಅಳೆದು, ಕೆಲವೇ ದಿನ ಕೊಡುತ್ತಾರೆ; ನಾವೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. 2018 ರಲ್ಲಿ ಕೇಂದ್ರ ಸರಕಾರವು ಇಂಥ 14 ಬಗೆಯ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ನಿಯಮಿಸಿದುದು ಇದೇ ಕಾರಣಕ್ಕಾಗಿ. ಎರಡನೆಯದು, ತಲೆಯ ಮೇಲಿನ ಸಿಪ್ಪೆಯೆಲ್ಲ ಇದೇ ರೋಗವಲ್ಲ. ದುಂಡಗೆ ಕೂದಲುದುರಿ ಬೋಳಾದರೆ ಅದು ಹುಳುಕಡ್ಡಿಯಿರಬಹುದು. ಅದು ನಿಜವಾಗಿ ಅಂಟುವಂಥದು. ಬೆಳ್ಳಿಯಂಥ ದಪ್ಪ ಸಿಪ್ಪೆ ನೆತ್ತಿಯನ್ನು ದಾಟಿ ಮೊಣಕೈ, ಮೊಣಕಾಲಿಗೂ ಬಂದಿದ್ದರೆ ಅದು ಸೋರಿಯಾಸಿಸ್ ಇರಬಹುದು. ಕೀವು ಕಂಡರೆ, ತಿಂಗಳಾದರೂ ಇಳಿಯದಿದ್ದರೆ, ವೈದ್ಯರಲ್ಲಿಗೆ ಹೋಗಲೇಬೇಕು. ನಮ್ಮ ಊರಿನ ರಿಮ್ಸ್ ಆಸ್ಪತ್ರೆಯ ಬಾಗಿಲು ನಮಗೆ ದೂರವೇನಲ್ಲ.

ನನಗೆ ಎಲ್ಲಕ್ಕಿಂತ ಕಠಿಣವಾದುದು ಅವ್ವನಿಗೆ ಹೇಳುವದು. ಎಣ್ಣೆ ಬೇಡವೆಂದರೆ ಆಕೆಯನ್ನೇ ಬೇಡವೆಂದಂತೆ ಆಗುವದೆಂದು ಅಂಜಿಕೆಯಿತ್ತು. ಡಾಕ್ಟರಮ್ಮನವರೇ ದಾರಿ ತೋರಿಸಿದ್ದರು. ಕೂದಲು ಜೀವವಿಲ್ಲದ ನೂಲು. ಕೊಬ್ಬರಿ ಎಣ್ಣೆ ಅದರೊಳಗೆ ಇಳಿದು, ತೊಳೆಯುವಾಗ ಅದು ಸವೆಯದಂತೆ ಕಾಯುತ್ತದೆ. ನೆತ್ತಿ ಜೀವವುಳ್ಳ ಚರ್ಮ. ಎಣ್ಣೆ ಕೂದಲಿಗೆ, ನೆತ್ತಿಗಲ್ಲ. ಹೊಪ್ಪಳಿಕೆ ದಪ್ಪಗಟ್ಟಿದ್ದರೆ ಮಾತ್ರ, ಸ್ನಾನಕ್ಕೆ ಅರ್ಧ ಗಂಟೆ ಮೊದಲು ತುಸು ಸವರಿ, ಮೆತ್ತಗಾದ ಮೇಲೆ ಪೂರ್ತಿ ತೊಳೆದುಬಿಡಬೇಕು. ಇದನ್ನೇ ನಾನು ಅವ್ವನಿಗೆ ಬಿಡಿಸಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಜಡಿಗಷ್ಟೇ ಹಚ್ತೀನಿ, ಬಾ ಕೂಡು" ಎಂದಳು. ಈಗ ಊರಿಗೆ ಹೋದಾಗಲೆಲ್ಲ ಆಕೆ ನನ್ನ ಜಡೆಗೆ ಎಣ್ಣೆ ಸವರುತ್ತಾಳೆ, ನೆತ್ತಿಯನ್ನು ಮುಟ್ಟುವದಿಲ್ಲ. ಮರುದಿನ ಬೆಳಿಗ್ಗೆ ತಾನೇ ನೀರು ಕಾಯಿಸಿ ಎರೆಯುತ್ತಾಳೆ.

ಆರು ವಾರಗಳಲ್ಲಿ ನನ್ನ ನೆತ್ತಿ ತಣ್ಣಗಾಯಿತು. ನಡುವೆ ಎರಡು ಸಲ ಮರಳಿ ಬಂದಿತು. ಹೆದರದೆ ಮೊದಲಿನ ಕ್ರಮವನ್ನೇ ಹಿಡಿದೆ, ಹೋಯಿತು. ಈ ವರ್ಷ ನಾನು ಎರಡನೆಯ ಬೆಂಚಿನಲ್ಲಿ ಕೂಡ್ರುತ್ತಿದ್ದೇನೆ. ಹಿಂದಿನ ಬೆಂಚಿನ ಗೆಳತಿಯರೇ, ಮುಂದೆ ಇನ್ನೂ ಸ್ಥಳವಿದೆ. ಮತ್ತು ಬಾಚಣಿಗೆ ಬಚ್ಚಿಡುವ ಗೆಳತಿಯರೇ, ನೀವು ಅಂಜಬೇಕಾದ ಕಾರಣವಿಲ್ಲ.