ಕಂತಿನ ದುಡ್ಡು ಮಗನ ಕೈಗೆ ಕೊಡಿ

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಮಗ ಚರ್ಚಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತ. ‘ಅಜ್ಜ, ಸೈಕಲ್ಲಿಗೆ ದುಡ್ಡು ಬೇಡವಂತೆ, ಇಎಂಐ ಇದ್ರೆ ಸಾಕಂತೆ’ ಅಂದ. ಹತ್ತು ತುಂಬಿದ ಹುಡುಗ, ತಪ್ಪು ಅವನದಲ್ಲ. ಫ್ರಿಜ್ಜು, ಫೋನು, ಸೋಫಾ ಎಲ್ಲವೂ ಮನೆಗೆ ಹಾಗೇ ಬಂದದ್ದನ್ನು ಅವನು ನೋಡಿದ್ದಾನೆ. ಪ್ರತಿ ತಿಂಗಳ 5ನೇ ತಾರೀಖು ಅಪ್ಪ ಅಮ್ಮನ ಮುಖ ಯಾಕೆ ಸಪ್ಪಗಾಗುತ್ತದೆ ಎಂಬುದನ್ನು ಮಾತ್ರ ಯಾರೂ ಅವನಿಗೆ ಹೇಳಿಲ್ಲ. ಹೇಳಿ ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅಕ್ಕನ ಮದುವೆಗೆಂದು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ತಂದರು. ಇವತ್ತಿನ ದುಡ್ಡಿನಲ್ಲಿ ಹೇಳುವುದಾದರೆ 10,000 ರೂಪಾಯಿಗೆ ತಿಂಗಳಿಗೆ 500, ವರ್ಷಕ್ಕೆ 6,000; ಅಸಲು ಇದ್ದಲ್ಲೇ ಇರುತ್ತದೆ. ಸಾಲ ಕೊಟ್ಟವರು ಸಂಬಳದ ಸಂಜೆ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಬಯ್ಯುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು. ಅಪ್ಪ ಜೇಬಿನಿಂದ ನೋಟು ತೆಗೆದು ಎಣಿಸುವಾಗ ಹೆಬ್ಬೆರಳು ನಡುಗುತ್ತಿತ್ತು, ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸುತ್ತಿದ್ದರು. ಸಾಲ ತಂದವನು ಕೊಟ್ಟವನಿಗೆ ಆಳಾಗುತ್ತಾನೆ ಎಂದು ಬೈಬಲಿನ ಜ್ಞಾನೋಕ್ತಿಗಳ 22ನೇ ಅಧ್ಯಾಯ ಎಚ್ಚರಿಸುತ್ತದೆ. ಸಂಡೇಸ್ಕೂಲಿನಲ್ಲಿ ಅದನ್ನು ಬಾಯಿಪಾಠ ಮಾಡುವ ಮೊದಲೇ ಅದರ ಅರ್ಥ ನನಗೆ ಗೊತ್ತಿತ್ತು.

ಯೋಸೇಫನ ಕಥೆ ಹೇಳುವಾಗ ನಾವು ಬಣ್ಣದ ಅಂಗಿ, ಗುಂಡಿ, ಕನಸು ಇಷ್ಟರಲ್ಲೇ ನಿಂತುಬಿಡುತ್ತೇವೆ. ಕಣಜದ ಭಾಗವನ್ನೂ ಹೇಳಿ. ಐಗುಪ್ತದಲ್ಲಿ ಏಳು ವರ್ಷ ಸುಗ್ಗಿ ಇದ್ದಾಗ ಅವನು ಐದರಲ್ಲೊಂದು ಪಾಲು ತೆಗೆದಿಡಿಸಿದ. ಬರ ಬಂದಾಗ ಐಗುಪ್ತ ಉಂಡಿತು, ಅವನನ್ನು ಮಾರಿದ್ದ ಅಣ್ಣಂದಿರೂ ಉಂಡರು. ಕೂಡಿಟ್ಟದ್ದು ಕಷ್ಟಕ್ಕೆ ಸಿಕ್ಕವರಿಗೆ ಆಗಬೇಕು ಎಂಬುದು ಅಲ್ಲಿದೆ. ಹಾಗಿಲ್ಲದೆ ಬರೀ ಕೂಡಿಡುವವನು, ಲೂಕನ 12ನೇ ಅಧ್ಯಾಯದಲ್ಲಿ ದೊಡ್ಡ ಕಣಜ ಕಟ್ಟಲು ಹೊರಟು ಆ ರಾತ್ರಿಯೇ ಸತ್ತ ಐಶ್ವರ್ಯವಂತನಂತೆ ಆಗುತ್ತಾನೆ.

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಅಡುಗೆಗೆ ಕೂರುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರ ಕೆಲಸಕ್ಕೆಂದು ತೆಗೆದಿಡುತ್ತಾ ಬಂದಿದ್ದಾರೆ. ಅಕ್ಕಿ ಒಲೆಗೆ ಹೋಗುವ ಮೊದಲು ಎತ್ತಿಡುವುದರಲ್ಲೇ ಗುಟ್ಟಿದೆ. ಉಂಡು ಮಿಕ್ಕರೆ ನೋಡೋಣ ಅಂದವರ ಮನೆಯಲ್ಲಿ ಮಿಗುವುದಿಲ್ಲ.

ಈಗ ಸೈಕಲ್ಲಿನ ವಿಷಯ. ನೀವು ಕಂತು ಕಟ್ಟಬೇಕೆಂದಿದ್ದ 500 ರೂಪಾಯಿಯನ್ನು ತಿಂಗಳು ತಿಂಗಳು ಅವನ ಕೈಗೇ ಕೊಡಿ. 50 ರೂಪಾಯಿ ದಶಮಾಂಶವನ್ನು ಅವನೇ ಮೊದಲು ಕಾಣಿಕೆ ಚೀಲಕ್ಕೆ ಹಾಕಲಿ. ಉಳಿದ 450 ಗಾಜಿನ ಬಾಟಲಿಯಲ್ಲಿ ಇರಲಿ. ಮಣ್ಣಿನ ಹುಂಡಿ ಬೇಡ, ಏರುವುದು ಕಣ್ಣಿಗೆ ಕಾಣಬೇಕು. 6,000ದ ಸೈಕಲ್ಲಿಗೆ ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಅಳುತ್ತಾನೆ, ಪಕ್ಕದ ಮನೆ ಹುಡುಗನ ಹೊಸ ಸೈಕಲ್ ನೋಡಿ ಮುನಿಸಿಕೊಳ್ಳುತ್ತಾನೆ. ನಿಮ್ಮ ಕರುಳು ಚುರುಕ್ ಅನ್ನುತ್ತದೆ. ಆದರೂ ತಾಳಿಕೊಳ್ಳಿ. ಕಾಯುವುದನ್ನು ಹತ್ತು ವರ್ಷಕ್ಕೆ ಕಲಿಯದವನಿಗೆ ಇಪ್ಪತ್ತೈದಕ್ಕೆ ಫೋನಿನ ಲೋನ್ ಆ್ಯಪು ಕಲಿಸುವುದು ಬೇರೆಯದನ್ನೇ. ನಡುವೆ ಗ್ಯಾಸಿಗೋ ಹಾಲಿಗೋ ಎಂದು ಆ ಬಾಟಲಿಗೆ ನೀವು ಕೈ ಹಾಕಬೇಡಿ.

ಬಾಟಲಿಯ ಮುಂದಿನ ಮೆಟ್ಟಿಲು ಅಂಚೆ ಕಚೇರಿ. ಹತ್ತು ತುಂಬಿದ ಮಗು ಅಲ್ಲಿ ತನ್ನದೇ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಬಹುದು. 500 ರೂಪಾಯಿ ಕಟ್ಟಿದರೆ ಆಯಿತು. ತಿಂಗಳಿಗೆ ನೂರರಂತೆ ಐದು ವರ್ಷದ ಆರ್‌ಡಿಯೂ ಇದೆ. ಪಾಸ್‌ಬುಕ್ಕನ್ನು ಅವನೇ ಇಟ್ಟುಕೊಳ್ಳಲಿ.

ಒಂದು ಎಚ್ಚರ. ಆಸ್ಪತ್ರೆಗೆಂದು ಸಾಲ ಮಾಡಿ ನಲುಗಿದವರು ನಮ್ಮ ಸಭೆಯಲ್ಲೇ ಇದ್ದಾರೆ. ಅವರನ್ನು ಬೆರಳು ಮಾಡಿ ತೋರಿಸಿ ಮಗುವಿಗೆ ಪಾಠ ಹೇಳಬೇಡಿ. ಸಾಲಕ್ಕೆ ಇಬ್ಬರು ಮಕ್ಕಳನ್ನು ಕಳೆದುಕೊಳ್ಳಲಿದ್ದ ವಿಧವೆಯನ್ನು ಪ್ರವಾದಿ ಎಲೀಷ ಹಂಗಿಸಲಿಲ್ಲ. ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳಿದ. ಒಂದಿಷ್ಟು ಎಣ್ಣೆ ಎಂದಳು. ಅದು ಪಾತ್ರೆಗಳ ತುಂಬ ಹೆಚ್ಚಿದಾಗ, ಅದನ್ನು ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ಮಕ್ಕಳೊಂದಿಗೆ ಬದುಕು ಎಂದು ದಾರಿ ತೋರಿಸಿದ.

ಬರುವ 5ನೇ ತಾರೀಖು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈಗಿರುವ ಸಾಲಗಳ ಕಂತು ಕಟ್ಟಿ. ಅಸಲೆಷ್ಟು, ಬಡ್ಡಿ ಎಷ್ಟು, ಇನ್ನೆಷ್ಟು ತಿಂಗಳು ಬಾಕಿ, ಎಲ್ಲವನ್ನೂ ಅವನಿಗೆ ತೋರಿಸಿ.